ಒಂದು ಸುಬ್ಬಪ್ಪ, ಒಂದು ಉಸಿರು

ಕೊರೊನಾ ಅಡಗಿದ ಮರುವರ್ಷ ನಾನು ದೊಡ್ಡಬಳ್ಳಾಪುರದಲ್ಲಿ ಆಂಬುಲೆನ್ಸ್ ನರ್ಸ್ ಆಗಿದ್ದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅಪ್ಪ ಪವರ್‌ಲೂಮ್ ಮುಂದೆ ನಿಂತು ಓದಿಸಿದ ಬಿ.ಎಸ್ಸಿ. ನರ್ಸಿಂಗ್ ಅದು. ಅದರ ಜಂಬ ಆಗಲೂ ಇತ್ತು, ಈಗಲೂ ಇದೆ.

ಒಂದು ಬೆಳಿಗ್ಗೆ ಘಾಟಿ ಕಡೆಯ ಹಳ್ಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಮುನಿರಾಜುವಿಗೆ ನಾಗರಹಾವು ಕಚ್ಚಿತು. ಆ ಕಡೆ ಹಾವನ್ನು ಯಾರೂ ಹೊಡೆಯುವುದಿಲ್ಲ. ತಾಯಿ ಗಂಗಮ್ಮ ಮಗನನ್ನು ಮೊದಲು ನಾಗರಕಲ್ಲಿನ ಮುಂದೆ ಕೂರಿಸಿ, ತಪ್ಪಾಯಿತೆಂದು ಅಡ್ಡಬಿದ್ದು, ಆಮೇಲೆ ಆಸ್ಪತ್ರೆಗೆ ತಂದರು. ಅರ್ಧ ಗಂಟೆ ಹೋಗಿತ್ತು. ವಿಷಕ್ಕೆ ಔಷಧ ಹಾಕಿದರೂ ಅವನ ರೆಪ್ಪೆಗಳು ಜೋತುಬಿದ್ದವು, ಉಸಿರಾಟದ ಸ್ನಾಯುಗಳು ಸೋತವು. ಡಾಕ್ಟರು ಗಂಟಲಿಗೆ ಟ್ಯೂಬ್ ಇಳಿಸಿ ಬೆಂಗಳೂರಿಗೆ ಕಳಿಸಿದರು. ನಮ್ಮ ಗಾಡಿಯಲ್ಲಿ ವೆಂಟಿಲೇಟರ್ ಇರಲಿಲ್ಲ. ಆ ಟ್ಯೂಬಿಗೆ ಸಿಕ್ಕಿಸಿದ ಆಂಬು ಬ್ಯಾಗ್ ಎಂಬ ಗಾಳಿಚೀಲವನ್ನು ಐದಾರು ಸೆಕೆಂಡಿಗೊಮ್ಮೆ ನಾನೇ ಒತ್ತಬೇಕು, ಅದೇ ಅವನ ಉಸಿರು.

ರಾಜಾನುಕುಂಟೆ ಬರುವ ಮೊದಲೇ ಲಾರಿಯೊಂದು ರಸ್ತೆಗೆ ಅಡ್ಡ ಮಗುಚಿಬಿದ್ದಿತ್ತು. ಮುಂದೆ ದಾರಿಯಿಲ್ಲ, ಹಿಂದೆಯೂ ಇಲ್ಲ. ಗಂಗಮ್ಮ ಘಾಟಿ ಸುಬ್ರಹ್ಮಣ್ಯನನ್ನು “ಸುಬ್ಬಪ್ಪಾ” ಎಂದು ಕರೆಯತೊಡಗಿದರು. “ಕಲ್ಲಿನ ಮುಂದೆ ಹೊತ್ತು ಕಳೆದದ್ದು ಸಾಲದಾ? ಸುಮ್ಮನಿರಿ” ಎಂದು ರೇಗಿದೆ.

“ಕೂರ್ಸಿದ್ದು ನನ್ ತಪ್ಪೇ ಕಣವ್ವ. ಆಯಪ್ಪನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?”

ನಲವತ್ತು ನಿಮಿಷವಾಯಿತು. ಗಾಬರಿಗೆ ಎಣಿಕೆ ತಪ್ಪಿ ಬೇಗಬೇಗ ಒತ್ತುತ್ತಿದ್ದೆ, ಅದೂ ಅಪಾಯವೇ. ಡ್ರೈವರ್ ನಂಜಪ್ಪ ತಿರುಗಿ ನೋಡಿದ.

“ಆಗಲ್ಲ ಅಣ್ಣ, ಇವ್ನು ಉಳಿಯಲ್ಲ” ಅಂದುಬಿಟ್ಟೆ.

ಗಂಗಮ್ಮ ದನಿ ಏರಿಸಲಿಲ್ಲ, ನಿಲ್ಲಿಸಲೂ ಇಲ್ಲ. ಮಗನ ಪಾದ ಹಿಡಿದು, ಪ್ರತಿ ಸಲ ಉಸಿರು ತುಂಬಿಕೊಂಡು ನಿಧಾನವಾಗಿ ಕರೆಯುತ್ತಿದ್ದರು. ಯಾವಾಗಲೋ ನನ್ನ ಕೈ ಆ ಕರೆಗೆ ಹೊಂದಿಕೊಂಡಿತ್ತು. ಒಂದು ಸುಬ್ಬಪ್ಪ, ಒಂದು ಒತ್ತು. ದಾರಿ ಬಿಡುವವರೆಗೂ ಅಷ್ಟೇ.

ಹತ್ತು ದಿನದ ಮೇಲೆ ನೋಡಲು ಹೋದಾಗ ಮುನಿರಾಜು ಎದ್ದು ಕೂತಿದ್ದ.

“ಕಣ್ಣು ಬಿಡಕ್ಕಾಗ್ತಿರ್ಲಿಲ್ಲ ಮೇಡಂ, ಆದ್ರೆ ಎಲ್ಲಾ ಕೇಳಿಸ್ತಿತ್ತು. ಉಳಿಯಲ್ಲ ಅಂದ್ರಿ ನೀವು. ಅವ್ವ ಕರಿಯೋದು ನಿಲ್ಲಿಸ್ಲಿಲ್ವಲ್ಲ, ಹಂಗಾರೆ ಇನ್ನೂ ಇದೀನಿ ಅಂದ್ಕೊಂಡೆ.”

ಈ ವಿಷ ಮೈಯನ್ನು ಕಟ್ಟಿಹಾಕುತ್ತದೆ, ಕಿವಿಯನ್ನಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆದವಳು ನಾನು. ರೋಗಿಯ ತಲೆಯ ಹತ್ತಿರ ಅಂಥ ಮಾತು ಮತ್ತೆಂದೂ ಆಡಿಲ್ಲ. ಹಾವು ಕಚ್ಚಿದರೆ ಮೊದಲು ಆಸ್ಪತ್ರೆ ಎಂದು ಈಗಲೂ ಬೈಯುತ್ತೇನೆ. ಆದರೆ ಗಾಡಿಯಲ್ಲಿ ದೇವರನ್ನು ಕರೆಯುವವರನ್ನು ತಡೆಯುವುದಿಲ್ಲ. ನಾನು ಆಸೆ ಬಿಟ್ಟ ಮೇಲೂ ನನ್ನ ಕೈ ನಿಲ್ಲದಂತೆ ನೋಡಿಕೊಂಡವರು ಯಾರು ಎಂದರೆ, ಡಿಗ್ರಿ ಓದಿದ ನನ್ನ ಹತ್ತಿರವೂ ಉತ್ತರವಾಗಿ ಗಂಗಮ್ಮ ಕರೆದ ಆ ಹೆಸರೇ ಇರುವುದು.