ಹದಿನೆಂಟು ಚಿತ್ರ, ಒಂದು ಗಂಟೆ

ವಿಶ್ವವಿದ್ಯಾಲಯದ ಮಾಧ್ಯಮ ಮತ್ತು ಸೃಜನಕಲಾ ವಿಭಾಗದ ಸಭಾಂಗಣಕ್ಕೆ ಇಪ್ಪತ್ತಾರು ವರ್ಷಗಳಿಂದ ಒಬ್ಬನೇ ಆಪರೇಟರು. ಮೈಕು ಹೊಂದಿಸುವುದು, ದೀಪ ಆರಿಸುವುದು, ಪರದೆಯ ಮೇಲೆ ಚಿತ್ರ ಓಡಿಸುವುದು ಅವನ ಕೆಲಸ. ವಿದ್ಯಾರ್ಥಿಗಳು ಅವನನ್ನು ಕತ್ತಲಣ್ಣ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವನೂ ಬೇಡವೆನ್ನಲಿಲ್ಲ.

ಸಭಾಂಗಣದ ಹಿಂಬದಿಗೆ ಹನ್ನೊಂದು ಮೆಟ್ಟಿಲು ಹತ್ತಿದರೆ ಅವನ ಕ್ಯಾಬಿನ್. ಒಂದು ಗಾಜಿನ ಕಿಟಕಿ, ಒಂದು ಗುಂಡಿಗಳ ಮೇಜು, ಒಂದು ಕಾಲು ಅಲುಗುವ ಕುರ್ಚಿ. ಅಲ್ಲಿಂದ ನೋಡಿದರೆ ಕೆಳಗೆ ಕೂತವರ ನೆತ್ತಿ ಬಿಟ್ಟು ಬೇರೇನೂ ಕಾಣದು. ಯಾರ ಕೂದಲು ಸ್ವಂತದ್ದು, ಯಾರದ್ದು ಅಂಟಿಸಿದ್ದು, ಯಾರು ಭಾಷಣದ ನಡುವೆ ಮಡಿಲಲ್ಲಿ ಫೋನಿಟ್ಟುಕೊಂಡು ಆಟವಾಡುತ್ತಾರೆ, ಎಲ್ಲ ಅವನಿಗೆ ಗೊತ್ತು. ಇಪ್ಪತ್ತಾರು ವರ್ಷ ದೊಡ್ಡವರ ನೆತ್ತಿಯನ್ನೇ ನೋಡಿದವನಿಗೆ ಅವರ ಮೇಲೆ ಗೌರವ ಉಳಿಯುವುದಾದರೂ ಹೇಗೆ?

ಕೆಳಗಿನ ಮೊಗಸಾಲೆಯಲ್ಲಿ ಒಂದು ಸೂಚನಾ ಫಲಕ. ಅದರ ನೆತ್ತಿಯ ಮೇಲೆ ಕೆಂಪಕ್ಷರದಲ್ಲಿ ‘ಅವಕಾಶಗಳು’ ಎಂದು ಬರೆದಿತ್ತು. ಕಾರ್ಯಾಗಾರ, ಶಿಬಿರ, ಸ್ಪರ್ಧೆ, ಸಂವಾದ, ಒಂದರ ಮೇಲೊಂದು ಕಾಗದ. ಹಳೆಯದನ್ನು ಕೀಳುವ ಶ್ರಮವನ್ನು ಯಾರೂ ತೆಗೆದುಕೊಳ್ಳದೆ ಫಲಕ ಹಾಸಿಗೆಯಂತೆ ಉಬ್ಬಿತ್ತು. ಮಕ್ಕಳು ಅದರ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ಕಂಡಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. ಯಾವುದೋ ಚಾನೆಲಿಗೆ ಎರಡು ತಿಂಗಳು ಕೇಬಲ್ ಹೊತ್ತು ಬರುವುದಕ್ಕೆ ‘ಉದ್ಯಮದ ನೇರ ಅನುಭವ’ ಎಂಬ ಹೆಸರು. ಬಂದ ಅತಿಥಿಗಳೆಲ್ಲ ಮೈಕಿನ ಮುಂದೆ ಒಂದೇ ಮಾತು ಹೇಳುವವರು: ‘ಇದು ನಿಮಗೆ ಒದಗಿ ಬಂದಿರುವ ಸುವರ್ಣಾವಕಾಶ.’ ಆ ಮಾತು ಯಾವ ಗಳಿಗೆಗೆ ಉದುರುತ್ತದೆಂದು ಅವನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಕ್ಯಾಬಿನ್ನಿನಲ್ಲಿ ಅವರಿಗಿಂತ ಒಂದು ಉಸಿರು ಮೊದಲೇ ತಾನು ಹೇಳಿ ಮುಗಿಸುತ್ತಿದ್ದ.

ವಿಭಾಗದಲ್ಲಿ ಇನ್ನೊಂದು ಪದ್ಧತಿಯಿತ್ತು. ವಾರ್ಷಿಕ ಕಿರುಚಿತ್ರ ಸ್ಪರ್ಧೆಯ ದಿನ ಬಹುಮಾನದ ಫೋಟೋವನ್ನು ಬೆಳಗ್ಗೆಯೇ ತೆಗೆದುಬಿಡುತ್ತಿದ್ದರು, ತೀರ್ಪುಗಾರರು ಒಂದು ಚಿತ್ರವನ್ನೂ ನೋಡುವ ಮೊದಲೇ. ಊಟವಾದ ಮೇಲೆ ಅತಿಥಿಗಳು ನಿಲ್ಲುವುದಿಲ್ಲ, ಪತ್ರಿಕೆಗಳಿಗೆ ಫೋಟೋ ಬೇಗ ಹೋಗಬೇಕು ಎಂಬುದು ವಿಭಾಗದ ಮುಖ್ಯಸ್ಥರ ಲೆಕ್ಕಾಚಾರ. ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ಬಂದ ಮೂವರನ್ನು ಕರೆದು, ಖಾಲಿ ಲಕೋಟೆ ಕೊಟ್ಟು, ನಗಿಸಿ ನಿಲ್ಲಿಸುವುದು. ಗೆದ್ದವರ ಮುಖಕ್ಕೂ ಪತ್ರಿಕೆಯಲ್ಲಿ ಬಂದ ಮುಖಕ್ಕೂ ಸಂಬಂಧವಿರದಿದ್ದರೂ ಯಾರೂ ಇದುವರೆಗೆ ಕೇಳಿರಲಿಲ್ಲ.

ಇಂಥ ಜಾಗದಲ್ಲಿ ಕತ್ತಲಣ್ಣ ತನ್ನದೇ ಒಂದು ಕುಶಲ ವಿದ್ಯೆಯನ್ನು ಬೆಳೆಸಿಕೊಂಡಿದ್ದ. ಸ್ಪರ್ಧೆಗೆ ಹದಿನೆಂಟು ಚಿತ್ರ ಬಂದರೆ ಅಷ್ಟನ್ನೂ ಪೂರ್ತಿ ನೋಡಲು ಮೂರು ಗಂಟೆ ಬೇಕು. ಮುಖ್ಯಸ್ಥರು ಕೊಡುತ್ತಿದ್ದುದು ಒಂದು ಗಂಟೆ. ವಿದ್ಯಾರ್ಥಿಗಳಿಗೆ ಆ ಹೊತ್ತಿನಲ್ಲಿ ಒಳಗೆ ಪ್ರವೇಶವಿಲ್ಲ. ಮೂವರು ತೀರ್ಪುಗಾರರು, ಮುಖ್ಯಸ್ಥರು, ಮೇಲೆ ಇವನು. ಮೂರನೇ ನಿಮಿಷಕ್ಕೆ ಮುಂದಿನ ಸಾಲಿನಿಂದ ಎರಡು ಬೆರಳು ಮೇಲೇಳುತ್ತಿದ್ದವು. ಸಾಕು ಎಂದರ್ಥ. ಅವನು ಚಿತ್ರವನ್ನು ತಟ್ಟನೆ ನಿಲ್ಲಿಸುವ ಒರಟನಲ್ಲ. ಮೊದಲು ಧ್ವನಿಯನ್ನು ಮೆಲ್ಲಗೆ ಇಳಿಸಿ, ಅದರ ಹಿಂದೆ ಬೆಳಕನ್ನು ಇಳಿಸಿ, ಚಿತ್ರ ತಾನಾಗಿಯೇ ಅಲ್ಲಿಗೆ ಮುಗಿಯಿತು ಎನ್ನಿಸುವ ಹಾಗೆ ಕತ್ತಲು ಮಾಡುತ್ತಿದ್ದ. ಎಷ್ಟೋ ಸಲ ತೀರ್ಪುಗಾರರು ‘ಮುಕ್ತಾಯ ಬಹಳ ಧ್ವನಿಪೂರ್ಣವಾಗಿದೆ’ ಎಂದು ಅಂಕದ ಹಾಳೆಯಲ್ಲಿ ಬರೆದದ್ದುಂಟು. ಅದನ್ನು ಓದಿ ಅವನು ಕ್ಯಾಬಿನ್ನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಆಮೇಲೆ ಬೆರಳಿಗೂ ಕಾಯದಾದ. ನೆತ್ತಿಗಳು ಫೋನಿನ ಕಡೆ ಬಾಗಿದರೆ ಸಾಕು, ಇಳಿಸಿಬಿಡುತ್ತಿದ್ದ.

ಅವನ ಒಬ್ಬಳೇ ಮಗಳು ಬೆಳೆದದ್ದು ಆ ಕ್ಯಾಬಿನ್ನಿನಲ್ಲೇ. ಶಾಲೆ ಬಿಟ್ಟವಳು ನೇರ ಅಲ್ಲಿಗೆ ಬಂದು ನೆಲದ ಮೇಲೆ ಕೂತು ಮನೆಪಾಠ ಬರೆಯುತ್ತಿದ್ದಳು, ಬರೆದಾದ ಮೇಲೆ ಅಪ್ಪನ ಹೆಡ್‌ಫೋನು ಕಿವಿಗೇರಿಸಿಕೊಳ್ಳುತ್ತಿದ್ದಳು. ಈಗ ಅವಳು ಅದೇ ವಿಭಾಗದ ಕೊನೆಯ ವರ್ಷದ ವಿದ್ಯಾರ್ಥಿನಿ. ಬೇಡ ಎಂದು ಅವನು ಬಡಕೊಂಡಿದ್ದ.

“ಆ ಬೋರ್ಡು ನೋಡಿ ಮರುಳಾಗ್ಬೇಡ. ಅದರಲ್ಲಿ ಇರೋದೆಲ್ಲ ಅವರ ಅವಕಾಶ, ನಿಮ್ಮದಲ್ಲ.”

“ನಿನಗೆ ಯಾವುದು ತಾನೇ ಸರಿ ಕಾಣತ್ತೆ ಅಪ್ಪ” ಎಂದು ಅವಳು ಅರ್ಜಿ ತುಂಬಿದ್ದಳು.

ಆ ವರ್ಷ ಫಲಕಕ್ಕೆ ಒಂದು ಕಾಗದ ಬಿತ್ತು. ದೊಡ್ಡ ಧ್ವನಿ ಸ್ಟುಡಿಯೊವೊಂದು ಕಿರುಚಿತ್ರ ಸ್ಪರ್ಧೆಯಿಂದ ಒಬ್ಬರನ್ನು ಆರಿಸಿ ಎರಡು ವರ್ಷ ಕೆಲಸ ಕಲಿಸಿ, ಆಮೇಲೆ ಇಟ್ಟುಕೊಳ್ಳುತ್ತದೆ. ಸ್ಟುಡಿಯೊದ ಒಡತಿಯೇ ತೀರ್ಪುಗಾರರಲ್ಲಿ ಒಬ್ಬರು. ಇರುವುದು ಒಂದೇ ಜಾಗ. ಮಗಳು ಹುಟ್ಟಿದಾಗಿನಿಂದ ಬಯಸಿದ್ದು ಅದೊಂದನ್ನೇ, ಬೇರೆ ಊರು, ಬೇರೆ ಕೆಲಸ ಅವಳ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ. ಕತ್ತಲಣ್ಣ ಆ ಕಾಗದವನ್ನು ಎರಡು ಸಲ ಓದಿದ. ಅದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಅದು ಅವನಿಗೆ ಇನ್ನಷ್ಟು ಸಿಟ್ಟು ತರಿಸಿತು.

ಚಿತ್ರಗಳಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಮಗಳು ಅಪ್ಪನಿಗೆ ಏನೂ ಹೇಳಿರಲಿಲ್ಲ. ಸ್ಪರ್ಧೆಯ ಬೆಳಗ್ಗೆ ಹೆಂಡತಿ ಅವನ ಕೈಗೆ ಊಟದ ಡಬ್ಬಿ ಕೊಡುತ್ತ ಹೇಳಿದಳು.

“ಹದಿನಾಲ್ಕನೇದು ನಮ್ಮವಳದು. ಹನ್ನೊಂದು ನಿಮಿಷ ಇದೆಯಂತೆ. ನಿಮ್ಮ ಕೈ ಸ್ವಲ್ಪ ಹಿಡಿತದಲ್ಲಿ ಇರ್ಲಿ.”

“ಅವಳೇ ಹೇಳು ಅಂದಳಾ?”

“ಅವಳು ಹೇಳಿದ್ದು, ಅಪ್ಪನಿಗೆ ಹೇಳಬೇಡ ಅಂತ.”

ಅವನು ಮೂಗು ಮುರಿದ. ಆದರೆ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ನಡೆದ. ಗಂಟೆ ಒಂದೇ, ಮಗಳಿಗೆ ಹನ್ನೊಂದು ನಿಮಿಷ ಬೇಕು. ಮೊದಲಿನ ಹದಿಮೂರಕ್ಕೆ ಮೂರರ ಬದಲು ಒಂದೂವರೆ ನಿಮಿಷ ಕೊಟ್ಟರಾಯಿತು. ಹೊತ್ತು ಧಾರಾಳವಾಗಿ ಉಳಿದಿದ್ದರೆ ಹದಿನಾಲ್ಕಕ್ಕೆ ಯಾರೂ ಬೆರಳೆತ್ತಲಿಕ್ಕಿಲ್ಲ. ನೋಡುವವರು ಯಾರಿದ್ದಾರೆ ಅಲ್ಲಿ.

ಖಾಲಿ ಲಕೋಟೆಯ ಫೋಟೋ ಮುಗಿಯಿತು. ಮುಂದಿನ ಸಾಲಿನಲ್ಲಿ ಮೂರು ನೆತ್ತಿಗಳು ಕೂತವು: ಒಬ್ಬ ನಿವೃತ್ತ ನಟ, ಒಬ್ಬ ಜಾಹೀರಾತು ಕಂಪನಿಯ ಯಜಮಾನ, ಪಕ್ಕದಲ್ಲಿ ಸ್ಟುಡಿಯೊ ಒಡತಿ. ನಟನ ನೆತ್ತಿ ಬೋಳು. ಯಜಮಾನ ಆಗಲೇ ಫೋನು ತೆಗೆದಿದ್ದ. ಒಡತಿಯ ಬೆರಳೂ ಪರದೆ ಉಜ್ಜುತ್ತಿತ್ತು. ಕತ್ತಲಣ್ಣ ದೀಪ ಆರಿಸಿದ.

ಒಂದು, ಎರಡು, ಮೂರು. ಅವನ ಕೈ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಓಡಿತು. ಏಳನೆಯದರಲ್ಲಿ ಪರದೆಯ ಮೇಲೆ ಯಾರೋ ಬಾಗಿಲು ತಟ್ಟಿದರು, ತೆರೆಯುವ ಮೊದಲೇ ಇಳಿಸಿದ. ಹನ್ನೆರಡನೆಯದರಲ್ಲಿ ಒಬ್ಬ ಮುದುಕಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಹತ್ತಿರ ಹೋಗಿ, ತಪ್ಪಿ, ಮತ್ತೆ ಹತ್ತಿರ ಹೋಗುವಷ್ಟರಲ್ಲಿ ಒಂದೂವರೆ ನಿಮಿಷವಾಯಿತು. ಕತ್ತಲು.

ಹದಿನಾಲ್ಕನೆಯದು ಶುರುವಾಯಿತು.

ಅಂಗಡಿಯ ಷಟರು ಎಳೆಯುವ ಒಬ್ಬ ಹೆಂಗಸು. ಅದಾಗಿ ಒಂದು ರೈಲು ಹಳಿ, ಅದರ ಮೇಲೆ ಬಿದ್ದ ಒಂದು ಚಪ್ಪಲಿ. ಅದಾಗಿ ಕೆಂಪು ಸೈಕಲ್ಲಿನ ಹುಡುಗನೊಬ್ಬ ಒಂದು ಗೇಟಿನ ಮುಂದೆ ಇಳಿದು ಗಂಟೆ ಒತ್ತುತ್ತಾನೆ, ಬಾಗಿಲು ತೆರೆಯುತ್ತದೆ. ಒಂದಕ್ಕೊಂದು ತಾಳಮೇಳವಿಲ್ಲ. ಇದೇನು ಕೆಲಸ ಮಾಡಿದ್ದಾಳೆ ಇವಳು ಎಂದು ಅವನು ಹಲ್ಲು ಕಚ್ಚಿದ. ಆ ಸೈಕಲ್ಲನ್ನು ಮಾತ್ರ ಎಲ್ಲೋ ನೋಡಿದ ನೆನಪು. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಪರದೆಯ ಮೇಲೆ ಕೆಂಪು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಹೊಡೆಯುತ್ತಿದ್ದಾಗಲೇ ಇವನು ಇಳಿಸಿದ್ದ.

ಹಾಗಾದರೆ ಆ ಹುಡುಗ ಹೊರಟಿದ್ದ. ಗೇಟಿನ ತನಕ ಹೋಗಿ ತಲುಪಿಯೂ ಇದ್ದ.

ಅವನಿಗೆ ಆಗ ಅರ್ಥವಾಯಿತು. ಹೋದ ತಿಂಗಳೆಲ್ಲ ಮಗಳು ಕ್ಯಾಬಿನ್ನಿನ ಹಳೆಯ ಹಾರ್ಡ್ ಡಿಸ್ಕನ್ನು ಜೋಡಿಸಿಕೊಂಡು ಕೂತಿದ್ದಳು. ಕಸ ತೆಗೆದು ಅಚ್ಚುಕಟ್ಟು ಮಾಡುತ್ತಿದ್ದಾಳೆ ಎಂದುಕೊಂಡಿದ್ದ. ಅವಳು ಅವನು ಇಳಿಸಿದ ಚಿತ್ರಗಳ ಕೊನೆಗಳನ್ನು ಆರಿಸಿ ತೆಗೆಯುತ್ತಿದ್ದಳು. ಒಂಬತ್ತು ವರ್ಷದ ಒಂಬತ್ತು ಚಿತ್ರ, ಯಾರೂ ನೋಡದ ಒಂಬತ್ತು ಕೊನೆ. ಅವೆಲ್ಲದರ ಆರಂಭ ಅವನಿಗೆ ಬಾಯಿಪಾಠವಿತ್ತು. ಕೊನೆ ಒಂದೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪರದೆಯ ಹಿಂದಿನಿಂದ ಅವನದೇ ಧ್ವನಿ ಬಂತು. “ಸಾಕು ಬಿಡು, ಇದು ಎಲ್ಲಿಗೂ ಹೋಗೋದಿಲ್ಲ.” ಮೇಜಿನ ಮೇಲೆ ಸದಾ ಬಿದ್ದಿರುತ್ತಿದ್ದ ಅವಳ ರೆಕಾರ್ಡರು ಸುಮ್ಮನೆ ಬಿದ್ದಿರಲಿಲ್ಲ. “ಮುಂದಿನ ಸಾಲಲ್ಲಿ ಕೂತಿರೋರಿಗೆ ಖಾಲಿ ಗೋಡೆ ತೋರಿಸಿದ್ರೂ ಅಂಕ ಹಾಕ್ತಾರೆ.” ಪರದೆಯ ಮೇಲೆ ಈಗ ಒಂದು ಕೈ, ತೋರುಬೆರಳಿನ ಉಗುರು ಸೀಳಿದ್ದು, ಧ್ವನಿಯ ಗುಂಡಿಯನ್ನು ಕೆಳಗೆ ಎಳೆಯುತ್ತಿತ್ತು. ಅವನು ಮೇಜಿನ ಮೇಲಿದ್ದ ತನ್ನ ಕೈ ನೋಡಿಕೊಂಡ.

ಕೆಳಗೆ ಬೋಳು ನೆತ್ತಿಯ ಪಕ್ಕದಲ್ಲಿ ಎರಡು ಬೆರಳು ಮೇಲೆದ್ದವು. ಸಾಕು.

ಇಳಿಸಿಬಿಟ್ಟರೆ ಮುಗಿಯಿತು. ಮೂವರಲ್ಲಿ ಯಾರೂ ತಲೆಯೆತ್ತಿಲ್ಲ, ಮುಖ್ಯಸ್ಥರು ಊಟದ ವ್ಯವಸ್ಥೆಗೆಂದು ಬಾಗಿಲ ಹತ್ತಿರ ನಿಂತಿದ್ದಾರೆ. ಅವನ ಮಾನವೂ ಉಳಿಯುತ್ತದೆ, ನಿವೃತ್ತಿಗೆ ಉಳಿದ ನಾಲ್ಕು ವರ್ಷವೂ ಉಳಿಯುತ್ತದೆ. ಮಗಳಿಗೆ ಆ ಜಾಗ ಮಾತ್ರ ಹೋಗುತ್ತದೆ. ಅವಳ ಮೇಲೆ ಅವನಿಗೆ ಎಲ್ಲಿಲ್ಲದ ಕೋಪ ಬಂತು. ಇಷ್ಟು ಚೆನ್ನಾಗಿ ಮಾಡಿದ್ದಾಳಲ್ಲ ಎಂಬುದೂ ಆ ಕೋಪದಲ್ಲಿ ಸೇರಿತ್ತು.

ಅವನು ಗುಂಡಿಯನ್ನು ಮೇಲಕ್ಕೆ ತಳ್ಳಿದ, ಪೂರ್ತಿ.

ಸಭಾಂಗಣ ನಡುಗುವ ಹಾಗೆ ಅವನ ಗೊಣಗಾಟ ಮೊಳಗಿತು. ಯಜಮಾನನ ಕೈಯಿಂದ ಫೋನು ಜಾರಿ ನೆಲಕ್ಕೆ ಬಿತ್ತು. ಮೂರು ನೆತ್ತಿಗಳೂ ಒಟ್ಟಿಗೆ ಮೇಲೆದ್ದವು, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಮೇಲೆದ್ದೇ ಉಳಿದವು. ಹನ್ನೊಂದು ನಿಮಿಷ ಮುಗಿಯಿತು. ಚಿತ್ರ ತನ್ನಷ್ಟಕ್ಕೆ ತಾನೇ ಕತ್ತಲಾಯಿತು.

ಉಳಿದ ನಾಲ್ಕನ್ನು ಅವನು ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ. ಮುಗಿದ ಮೇಲೆ ಕೆಳಗಿಳಿದು, ಕೈ ಕಟ್ಟಿಕೊಂಡು ಬಾಗಿಲ ಪಕ್ಕ ನಿಂತ. ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದ. ತೀರ್ಪುಗಾರರು ಅವನನ್ನು ದಾಟಿಯೇ ಹೊರಗೆ ಹೋಗಬೇಕಿತ್ತು.

“ಹದಿನಾಲ್ಕನೇದು ಮಾಡಿದವರನ್ನ ಸೋಮವಾರ ನಮ್ಮಲ್ಲಿಗೆ ಕಳಿಸಿ” ಎಂದಳು ಒಡತಿ ಮುಖ್ಯಸ್ಥರಿಗೆ. “ಕಿವಿ ಇದೆ ಅವರಿಗೆ. ಕಲ್ಪನೆನೂ ಇದೆ.”

“ಆ ಆಪರೇಟರ್ ಪಾತ್ರ ಮಾಡಿದವನು ಯಾರ್ರೀ?” ನಟ ಕೇಳಿದ. “ಪರವಾಗಿಲ್ಲ. ಆದ್ರೆ ಸ್ವಲ್ಪ ಜಾಸ್ತಿ ಮಾಡಿದಾನೆ. ನಿಜವಾದ ಆಪರೇಟರುಗಳು ಹಾಗೆಲ್ಲ ಮಾತಾಡಲ್ಲ.”

ಹಾಗೆಂದವನು ಕೈಯಲ್ಲಿದ್ದ ಖಾಲಿ ಟೀ ಲೋಟವನ್ನು ಕತ್ತಲಣ್ಣನ ಕೈಗೆ ಕೊಟ್ಟು ಮುಂದೆ ಹೋದ. ಮುಖ್ಯಸ್ಥರಿಗೆ ಎಲ್ಲ ತಿಳಿದಿತ್ತು. ಅವರ ಮುಖ ಬಿಳುಪೇರಿತ್ತು. ಆದರೆ ಬಾಯಿ ಬಿಟ್ಟರೆ ಒಂದು ಗಂಟೆಯ ಲೆಕ್ಕ ತಮ್ಮ ಕೊರಳಿಗೇ ಬರುತ್ತದೆಂಬ ಬುದ್ಧಿ ಅವರಿಗಿತ್ತು. “ಊಟ ತಣ್ಣಗಾಗತ್ತೆ ಬನ್ನಿ” ಎಂದು ಅತಿಥಿಗಳನ್ನು ನಡೆಸಿಕೊಂಡು ಹೋದರು.

ಹೀಗೆ ಕತ್ತಲಣ್ಣ ಬಚಾವಾದ. ಕೆಲಸ ಉಳಿಯಿತು, ಮಗಳಿಗೆ ಜಾಗ ಸಿಕ್ಕಿತು. ಕುರುಡು ನನ್ಮಕ್ಕಳು ಎಂದು ಮನಸ್ಸಿನಲ್ಲೇ ಬೈದು, ನಗುತ್ತ ಮೆಟ್ಟಿಲು ಹತ್ತಿದ. ಕ್ಯಾಬಿನ್ನಿನಲ್ಲಿ ಮಗಳು ಆಗಲೇ ಅವನ ಕುರ್ಚಿಯ ಮೇಲೆ ಕೂತಿದ್ದಳು. ಸಭಾಂಗಣದ ಬಾಗಿಲ ಹೊರಗೆ ನಿಂತು ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನೀನು ಇಳಿಸ್ತೀಯ ಅಂತಲೇ ಅಂದ್ಕೊಂಡಿದ್ದೆ” ಎಂದಳು.

“ನಿನ್ನದು ಅಂತ ಗೊತ್ತಿತ್ತಲ್ಲೇ. ಅಮ್ಮ ಹೇಳಿದ್ಲು.” ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ. “ನಿನಗೆ ಹನ್ನೊಂದು ನಿಮಿಷ ಹೊಂದಿಸೋಕೆ ಬೆಳಗ್ಗೆಯಿಂದ ಎಷ್ಟು ಒದ್ದಾಡಿದೀನಿ ಗೊತ್ತಾ?”

“ಎಲ್ಲಿಂದ ಹೊಂದಿಸಿದೆ?”

ಅವನು ನಟನ ಟೀ ಲೋಟವನ್ನು ಮೇಜಿನ ಮೂಲೆಗಿಟ್ಟ.

“ಅಪ್ಪ, ಹನ್ನೆರಡನೇದು ಎಷ್ಟು ಹೊತ್ತು ಓಡಿಸಿದೆ?”

“ಒಂದೂವರೆ ನಿಮಿಷ.”

“ಅದು ನನ್ನ ಗೆಳತಿದು. ಅವರಜ್ಜಿ ಅದರಲ್ಲಿರೋದು. ನನ್ನ ಜೊತೆಯಲ್ಲೇ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ಲು. ನಿಂತುಹೋದ ತಕ್ಷಣ ಚೀಲ ಎತ್ಕೊಂಡು ಹೊರಟುಹೋದ್ಲು.” ಅವಳು ತಿರುಗಿ ಅವನ ಮುಖ ನೋಡಿದಳು. “ದಾರ ಹೋಗತ್ತಾ ಸೂಜಿಯೊಳಗೆ?”

ಅವನಿಗೆ ಗೊತ್ತಿರಲಿಲ್ಲ. ಕೆಳಗೆ ಹೋದವರಿಗೂ ಗೊತ್ತಿರಲಿಲ್ಲ. ಅವರನ್ನು ಕುರುಡರೆಂದು ಬೈದು ಇನ್ನೂ ಐದು ನಿಮಿಷವಾಗಿರಲಿಲ್ಲ.

ಮಗಳು ತನ್ನ ಕಂಪ್ಯೂಟರಿಗೆ ಈ ಸಲದ ಚಿತ್ರಗಳಿದ್ದ ಹಾರ್ಡ್ ಡಿಸ್ಕು ಜೋಡಿಸಿದಳು, ಹನ್ನೆರಡನೇ ನಂಬರನ್ನು ಹುಡುಕಿ ತೆಗೆದಳು. ಒಂದೂವರೆ ನಿಮಿಷದ ಗುರುತಿನಲ್ಲಿ ಅದನ್ನು ತುಂಡು ಮಾಡಿ, ಮುಂದಿನ ಭಾಗವನ್ನೆಲ್ಲ ತನ್ನ ಚಿತ್ರದ ಕೊನೆಗೆ ಸೇರಿಸಿದಳು.

“ಇದು ಹತ್ತನೇದು” ಎಂದಳು. “ಕೂತ್ಕೋ ಅಪ್ಪ, ನೋಡು.”

ಕುರ್ಚಿ ಒಂದೇ ಇತ್ತು. ಅವನು ಅವಳು ಮನೆಪಾಠ ಬರೆಯುತ್ತಿದ್ದ ಜಾಗದಲ್ಲಿ ನೆಲದ ಮೇಲೆ ಕೂತ.