ಇಸೋಕೊ ಹೊತ್ತ ಹರಕೆ

ಕಡಲ ದಡದ ಆ ಗುಡಿಯಲ್ಲಿ ಪ್ರತಿ ವರ್ಷ ಮಾರ್ಚ್ ಮೂರಕ್ಕೆ, ಹೆಣ್ಣುಮಕ್ಕಳ ಗೊಂಬೆ ಹಬ್ಬದಂದು, ಹರಕೆಯ ಗೊಂಬೆಗಳನ್ನು ದೋಣಿಗೆ ತುಂಬಿ ನೀರಿಗೆ ಬಿಡುತ್ತಾರೆ. ದೋಣಿ ಹೊರುವವರು ಹೆಂಗಸರೇ. ಗಂಡಸರು ದಾರಿ ಬಿಟ್ಟು ನಿಲ್ಲಬೇಕು. ಹೆಂಗಸರ ಕಾಯಿಲೆ ವಾಸಿಮಾಡುವ ದೇವರು ಅದು. ಕಡಲಪಾಚಿ ಬೆಳೆದು ಒಣಗಿಸಿ ಮಾರುವ ಇಸೋಕೊ, ಚಳಿಗಾಲದಲ್ಲಿ ಗರ್ಭಕೋಶ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಆ ದೇವರಿಗೆ ಹರಕೆ ಹೊತ್ತಿದ್ದಳು: ಎದ್ದು ಮನೆ ಸೇರಿದರೆ ಅವ್ವನ ಗೊಂಬೆಯನ್ನೇ ಒಪ್ಪಿಸುತ್ತೇನೆ. ಎದ್ದಳು, ಮನೆಯನ್ನೂ ಸೇರಿದಳು. ಕೊಡಲು ಮಾತ್ರ ಕೈ ಬರಲಿಲ್ಲ.

ಅವ್ವ ಉಸಿರು ಬಿಗಿಹಿಡಿದು ಕಡಲಿಗೆ ಮುಳುಗಿ ಚಿಪ್ಪು ಕೀಳುತ್ತಿದ್ದವಳು. ಇವಳು ಹುಟ್ಟಿದ ವರ್ಷ, ಹಬ್ಬಕ್ಕೆ ಕೂರಿಸುವ ರಾಜ-ರಾಣಿ ಜೋಡಿಯಲ್ಲಿ ರಾಣಿಗೊಂಬೆ ಒಂದನ್ನೇ ತಂದಿದ್ದಳು. ಜೊತೆಗೆ ರಾಜನನ್ನೂ ತರುವ ಗತಿ ಇರಲಿಲ್ಲ. "ಗಂಡ ಇಲ್ದಿದ್ರೆ ಸತ್ತೋಗ್ತಾಳಾ?" ಎಂದು ನಗುತ್ತಿದ್ದಳು. ಅವ್ವನದೆಂದು ಉಳಿದದ್ದು ಅದೊಂದೇ.

ಹಾಗಾಗಿ ಇಸೋಕೊ ಪೇಟೆಯಿಂದ ಬೇರೆ ಗೊಂಬೆ ತಂದಳು, ಕಾಗದ ಸುತ್ತಿ ಗುಡಿಗೆ ಒಯ್ದಳು. ದೋಣಿಯ ಬಳಿ ಗೊಂಬೆ ಜೋಡಿಸುತ್ತಿದ್ದವಳು ಬಾಲ್ಯದ ಗೆಳತಿ ತೋಕಿಯೆ. ಕಾಗದ ಬಿಚ್ಚಿ, ಗೊಂಬೆಯ ಕೆನ್ನೆಗೆ ಉಗುರಿನಿಂದ ಕುಟ್ಟಿದಳು.

"ಲೇ ಇಸೋ, ಇದು ಪ್ಲಾಸ್ಟಿಕ್ಕು!"

"ಮೆಲ್ಲಗೆ ಕಣೆ. ಬೇರೆ ಗೊಂಬೆಗಳ ಕೆಳಗೆ ಸೇರಿಸಿಬಿಡು."

"ಸೇರಿಸಿಬಿಡೋದಾ? ಪ್ಲಾಸ್ಟಿಕ್ ಬೇಡ ಅಂತ ಈ ಮೆಟ್ಟಿಲ ಮೇಲೆ ಧರಣಿ ಕೂತೋಳು ಯಾರು, ನಿಮ್ಮಜ್ಜೀನಾ?"

ಕೂತವಳು ಇಸೋಕೊಳೇ. ಹಿಂದೊಮ್ಮೆ ಪಾಚಿ ಬೆಳೆಸುವ ಹಗ್ಗಗಳಿಗೆ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಗೊಂಬೆಗಳ ಕೈಕಾಲು, ರುಂಡಗಳನ್ನೆಲ್ಲ ಬುಟ್ಟಿ ತುಂಬಾ ತಂದು ಗುಡಿಯ ಮುಂದೆ ಸುರಿದಿದ್ದಳು. ಕಾಗದ, ಮರ, ಮಣ್ಣು, ಬಟ್ಟೆಯದು ಮಾತ್ರ ನೀರಿಗೆ ಎಂದು ಪೂಜಾರಿ ಒಪ್ಪುವ ತನಕ ಜೊತೆಗೆ ಕೂತಿದ್ದ ಹೆಂಗಸರನ್ನೂ ಏಳಗೊಟ್ಟಿರಲಿಲ್ಲ.

ಆ ಮುದಿ ಪೂಜಾರಿಯೇ ಈಗ ಹತ್ತಿರ ಬಂದ. "ಇಸೋಕೊಸಾನ್, ಇದನ್ನ ಬೇಕಾದ್ರೆ ಅಂಗಳದಲ್ಲಿ ಇಟ್ಕೋತೀನಿ. ನೀರಿಗೆ ಬೇಡ ತಾಯೀ, ನಿಮ್ಮ ಬೈಗುಳ ಇನ್ನೂ ಕಿವೀಲಿದೆ."

ಸುತ್ತಲಿದ್ದವರು ಗೊಳ್ಳೆಂದರು. ಹರಕೆಯ ವಿಷಯ ಗೊತ್ತಿದ್ದ ತೋಕಿಯೆ ನಗಲಿಲ್ಲ. "ಅವ್ವನ ಗೊಂಬೆ ಎಲ್ಲಿ?"

"ಮನೇಲಿದೆ."

"ದೇವ್ರಿಗೇ ಟೋಪಿ ಹಾಕೋಕೆ ಬಂದ್ಯಾ?" ಎಂದವಳು ದನಿ ತಗ್ಗಿಸಿದಳು. "ಹೋಗ್ಲಿ ಬಿಡು. ಅಂಗಳದಲ್ಲೇ ಇಟ್ಟು ಕೈ ಮುಗಿ. ಯಾರೂ ಏನೂ ಅನ್ನಲ್ಲ."

ಇಸೋಕೊ ಅವಳ ಕೈಗಳನ್ನೇ ನೋಡಿದಳು. ತಣ್ಣೀರಿಗೆ ಬಿರಿದು ಕರಿಗೆರೆ ಎದ್ದ ಕೈಗಳು. ತಾನು ಹಾಸಿಗೆ ಹಿಡಿದಿದ್ದಾಗ ತನ್ನ ಪಾಲಿನ ಪಾಚಿಯನ್ನೂ ಕೊಯ್ದು ಒಣಹಾಕಿದ ಕೈಗಳು. ಅದರ ಬಗ್ಗೆ ತೋಕಿಯೆ ಒಂದು ಮಾತೂ ಎತ್ತಿರಲಿಲ್ಲ. ಬದುಕಿಸಿದವರಿಗೆ ಪೇಟೆಯ ಅಗ್ಗದ ಸರಕು ಕೊಟ್ಟು ಕೈ ತೊಳೆದುಕೊಳ್ಳುವುದಾ?

"ನಾ ಬರೋ ತನಕ ದೋಣಿ ಎತ್ಬೇಡಿ," ಎಂದು ಮನೆಯತ್ತ ಹೊರಟಳು.

ಮನೆಯಿಂದ ತಂದ ಅವ್ವನ ಗೊಂಬೆಯ ಮೂಗು ಸವೆದಿತ್ತು, ಅರ್ಧ ಕೂದಲು ಹುಳು ತಿಂದಿತ್ತು. ದೋಣಿಯಲ್ಲಿ ಹರಡಿದ್ದ ಪೀಚ್ ಹೂಗಳ ನಡುವೆ ತಾನೇ ಕೂರಿಸಿದಳು. "ಬದುಕಿದೀನವ್ವಾ. ಹೋಗ್ಬಾ."

ಆಮೇಲೆ ದೋಣಿಗೆ ಹೆಗಲು ಕೊಡಲು ಬಗ್ಗಿದಳು. ತೋಕಿಯೆ ಗದರಿದಳು: "ಹೊಲಿಗೆ ಬಿಚ್ಕೊಂಡ್ರೆ ದಬ್ಬಣ ಹಿಡ್ಕೊಂಡು ನಾನ್ ಬರ್ಲಾ? ಸುಮ್ನೆ ಕೈ ಇಡು."

ಇಸೋಕೊ ಕೈ ಇಟ್ಟಳು. ಭಾರವೆಲ್ಲ ತೋಕಿಯೆಯ ಹೆಗಲಿಗೆ ಬಿತ್ತು. ದೋಣಿ ನೀರಿಗಿಳಿದು ಅಲೆಯೊಂದನ್ನು ಹತ್ತಿ ಆಚೆ ಇಳಿಯಿತು.

"ತೋಕಿಯೆ, ನನ್ ಪಾಲಿನ ಪಾಚೀನ ಚೆನ್ನಾಗಿ ಒಣಗ್ಸಿದ್ದೀಯ ಕಣೆ."

"ಈಗ ಬಾಯ್ಬಂತಾ?"

"ಈಗ ಬಂತು," ಎಂದ ಇಸೋಕೊ ಆ ಬಿರಿದ ಕೈಯನ್ನು ಹಿಡಿದುಕೊಂಡಳು. ದಡ ಹತ್ತಿ ರಸ್ತೆ ಸೇರುವ ತನಕ ಬಿಡಲಿಲ್ಲ.