ಬೇಯಿಸಿದ ಎಲುಬು ಮತ್ತು ಅಜ್ಜಿಯ ಕೈ

ಹಗರಿಬೊಮ್ಮನಹಳ್ಳಿ ಸುತ್ತಿನ ಯಾವ ಕುರಿಹಟ್ಟಿಗೆ ಹೋದರೂ ನನ್ನ ತಂಗಿಗೆ ಕಂಬಳಿ ಹಾಸಿ ಕೂರಿಸುತ್ತಾರೆ. ಕುರಿಗಳಿಗೆ ಲಸಿಕೆ ಹಾಕುವುದು, ಜಂತಿನ ಔಷಧ ಕುಡಿಸುವುದು ಅವಳ ಕೆಲಸ. ನಾನು ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನು. ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವಾಗ ನನ್ನ ಎದೆ ಉಬ್ಬಿರುತ್ತದೆ. ಆದರೆ ಅವಳ ಮೊದಲ ರೋಗಿಯನ್ನು ಸಾವಿನ ಬಾಯಿಗೆ ನೂಕಿದವನು ನಾನು. ಅದನ್ನು ಐದು ವರ್ಷ ಯಾರಿಗೂ ಹೇಳಲಿಲ್ಲ.

ಆ ರೋಗಿ ಒಂದು ಕೆಂದ ನಾಯಿಮರಿ. ತಂಬ್ರಹಳ್ಳಿಯ ನೆಂಟರ ಮನೆಯಿಂದ ತಂಗಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಕುರಿ ಕಾಯಲು ಬೆಳೆಸುವ ನಾಯಿಗೆ ನಮ್ಮವರು ಹಸಿ ಎಲುಬು ಹಾಕುವುದಿಲ್ಲ. ಕುರಿಯ ರಕ್ತದ ರುಚಿ ಹತ್ತಿದರೆ ಮುಂದೆ ಕುರಿಮರಿಯ ಕುತ್ತಿಗೆಗೇ ಬಾಯಿ ಹಾಕುತ್ತದೆ ಎಂಬ ಭಯ. ಹಾಗಾಗಿ ಹಾಕಿದರೆ ಬೇಯಿಸಿದ್ದನ್ನೇ. ಅಪ್ಪ ಹಾಗೆ ಮಾಡುತ್ತಿದ್ದ, ಅವನ ಅಪ್ಪನೂ.

ತಂಗಿ ಆಗಷ್ಟೇ ಹತ್ತನೆಯ ತರಗತಿ ಮುಗಿಸಿ ಪಶು ಆಸ್ಪತ್ರೆಗೆ ತರಬೇತಿಗೆ ಹೋಗುತ್ತಿದ್ದಳು. ಒಂದು ಸಂಜೆ ಬಂದವಳೇ ಹೇಳಿದಳು:

"ಯಣ್ಣಾ, ಕುನ್ನಿಗೆ ಬೇಸಿದ ಎಲುಬು ಹಾಕಬ್ಯಾಡ. ಬೆಂದಿದ್ದು ಕಡದ್ರ ಸೀಳಿ ಸೂಜಿ ಆಕ್ಕೈತಿ. ಹೊಟ್ಯಾಗಿನ ಕಳ್ಳು ಹರೀತೈತಿ."

"ಹಂಗಾರ ಹಸೇದ ಹಾಕ್ಲೇನು?"

"ಅದೂ ಬ್ಯಾಡ. ಇನ್ನಾ ಹಾಲಹಲ್ಲು, ಮುರದ್ರ? ಗಂಟಲದಾಗ ಸಿಕ್ಕರ? ರೊಟ್ಟಿ, ಮಜ್ಜಿಗಿ, ತತ್ತಿ ಹಾಕು, ಸಾಕು."

"ನಾಯಿಗೆ ಎಲುಬು ಬ್ಯಾಡ ಅಂತ ಕಲಿಯಾಕ ದಿನಾ ಬಸ್ ಹತ್ತಬೇಕೇನಲೇ?" ಎಂದು ನಕ್ಕೆ. ಅಜ್ಜಿಯೂ ನಕ್ಕಳು.

ಅಜ್ಜಿಯ ನಗುವಿನಲ್ಲಿ ಏನೂ ಇರಲಿಲ್ಲ. ನನ್ನದರಲ್ಲಿ ಹೊಟ್ಟೆಕಿಚ್ಚಿತ್ತು. ಕುರಿಗಳ ನಡುವೆಯೇ ಬೆಳೆದ ನನಗೆ ನಿನ್ನೆ ಮೊನ್ನೆಯ ಹುಡುಗಿ ನಾಯಿ ಸಾಕುವುದನ್ನು ಕಲಿಸುವುದೇ? ಅದೇ ವಾರ ದೇವಿಗೆ ಟಗರು ಕೊಟ್ಟೆವು. ಮಧ್ಯಾಹ್ನ ಉಂಡ ಮೇಲೆ ಸಾರಿನಿಂದ ಒಂದು ಪಕ್ಕೆಲುಬು ಎತ್ತಿಕೊಂಡು ಬೇಲಿಯ ಹಿಂದೆ ಹೋಗಿ ಮರಿಗೆ ಹಾಕಿದೆ. ಕಟಕಟ ಅಗಿದು ನುಂಗಿತು. 'ನೋಡು, ಏನಾಯಿತು?' ಎಂದು ಮನಸ್ಸಿನಲ್ಲೇ ತಂಗಿಯನ್ನು ಕೇಳಿದೆ.

ಮರುದಿನ ಮರಿ ಬೆನ್ನು ಬಾಗಿಸಿ ತಿಣುಕಿ ತಿಣುಕಿ ಅತ್ತಿತು. ಬಂದದ್ದು ರಕ್ತ.

"ಯಾರಾರ ಇದಕ್ಕ ಎಲುಬು ಹಾಕೀರೇನು?" ತಂಗಿ ಒಬ್ಬೊಬ್ಬರ ಮುಖ ನೋಡಿದಳು. ನಾನು ಕುರಿಗಳ ಕಡೆ ತಿರುಗಿ ನಿಂತೆ.

"ಎಂಜಲಾ ಚೆಲ್ಲಿದಾಕಿ ನಾನ ಅಲ್ಲೇನವಾ," ಎಂದಳು ಅಜ್ಜಿ. "ಕಣ್ಣು ನೆಟ್ಟಗ ಕಾಣಂಗಿಲ್ಲ. ನಾನ ಹಾಕಿರಬೇಕು."

ನಾನು ಬೈಕಿನ ಕೀಲಿ ತರಲು ಒಳಗೆ ಹೋದೆ.

ತಂಗಿ ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಬೈಕು ಹತ್ತಿದಳು. ಆಸ್ಪತ್ರೆಯಲ್ಲಿ ಡಾಕ್ಟರು "ಏನು ತಿಂದೈತಿ, ಯಾವಾಗ?" ಎಂದು ಕೇಳಿದರು. ಉತ್ತರ ಗೊತ್ತಿದ್ದ ನಾನು ಬಾಗಿಲಲ್ಲೇ ಉಳಿದೆ. ತಂಗಿ ಕಾಗದದ ಪೊಟ್ಟಣ ಬಿಚ್ಚಿದಳು. ಮರಿಯ ಮಲದಲ್ಲಿ ಸಿಕ್ಕ ಚೂರನ್ನು ತೊಳೆದು ತಂದಿದ್ದಳು. "ಬೇಸಿದ ಪಕ್ಕೆಲುಬು ಸರ್, ನಿನ್ನೆ ಮಧ್ಯಾಹ್ನದ್ದು." ಡಾಕ್ಟರು ಮರಿಗೆ ಮಂಪರು ಬರಿಸಿ, ಗುದದ್ವಾರದಿಂದ ಮೂರು ಚೂರು ತೆಗೆದರು. ಅಷ್ಟು ಹೊತ್ತೂ ತಂಗಿ ಕೈ ನಡುಗದಂತೆ ಮರಿಯನ್ನು ಹಿಡಿದುಕೊಂಡಿದ್ದಳು. "ಈ ಹುಡುಗಿ ಕೈ ಗಟ್ಟಿ ಐತಿ," ಎಂದರು ಅವರು. ಅಷ್ಟು ನಾಚಿಕೆಯಲ್ಲೂ 'ಅವಳು ನನ್ನ ತಂಗಿ' ಎಂದು ಹೇಳಬೇಕೆನಿಸಿತು ನನಗೆ.

ಮರಿ ಉಳಿಯಿತು. ಆದರೆ ಅಂದಿನಿಂದ ಅಜ್ಜಿ ಯಾವ ನಾಯಿಗೂ ತನ್ನ ಕೈಯಿಂದ ತುತ್ತು ಹಾಕಲಿಲ್ಲ. ಮೊದಲೆಲ್ಲ ಭಾನುವಾರ, ನಾಯಿಯನ್ನು ಜೊತೆಗಿಟ್ಟುಕೊಂಡ ದೇವರು ಮೈಲಾರಲಿಂಗನ ಹೆಸರು ಹೇಳಿ ನಾಯಿಗೆ ರೊಟ್ಟಿ ಹಾಕದೆ ತಾನು ಉಣ್ಣುತ್ತಿರಲಿಲ್ಲ. ಆಮೇಲೆ ಆ ರೊಟ್ಟಿಯನ್ನು ಅವ್ವನಿಗೆ ಕೊಟ್ಟುಬಿಡುತ್ತಿದ್ದಳು. "ನೀನ ಹಾಕವಾ, ನನ್ನ ಕೈ ಬ್ಯಾಡ." ಎಷ್ಟು ಭಾನುವಾರ ನಾನು ಅದನ್ನು ಕೇಳಿಸಿಕೊಂಡು ಉಂಡೆನೋ.

ಹೋದ ತಿಂಗಳು ನಮ್ಮ ಹಟ್ಟಿಯಲ್ಲೇ ಕುರಿಗಾರರು ಸೇರಿದ್ದರು. ನಾಯಿಮರಿಗೆ ಏನು ಹಾಕಬೇಕು, ಏನು ಹಾಕಬಾರದು ಎಂದು ತಂಗಿ ಹೇಳುತ್ತಿದ್ದಳು. ಅಪ್ಪನ ವಯಸ್ಸಿನವರೂ ಮಾತಿಲ್ಲದೆ ಕೇಳುತ್ತಿದ್ದರು. ಈಗ ತೋಳಕ್ಕೂ ಎದೆ ಕೊಡುವ ಆ ಕೆಂದ ನಾಯಿ ಅವಳ ಕಾಲ ಬಳಿ ಮಲಗಿತ್ತು.

"ಅಲ್ಲವಾ, ಇದಕ್ಕ ಆವಾಗ ಎಲುಬು ಹಾಕಿದ್ದು ಯಾರು?" ಒಬ್ಬ ಮುದುಕ ಕೇಳಿದ.

"ನಮ್ಮಜ್ಜಿರಿ. ಪಾಪ, ಕಣ್ಣು..."

"ಅಜ್ಜಿ ಅಲ್ಲ, ನಾನು." ಹೇಗೆ ಎದ್ದು ನಿಂತೆನೋ ತಿಳಿಯದು. "ನಿನ್ನ ಮಾತು ಸುಳ್ಳು ಮಾಡಾಕಂತ ಬೇಕಂತನ ಹಾಕಿದ್ದೆ."

ತಂಗಿ ಜನರ ಕಡೆ ತಿರುಗಿ, "ಕೇಳಿದ್ರೆಲ್ರಿ? ನಮ್ಮಣ್ಣನಂಗ ಮಾಡಬ್ಯಾಡ್ರಿ," ಎಂದಳು.

ಗೋಡೆಗೆ ಒರಗಿದ್ದ ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಐದು ವರ್ಷ ನನ್ನ ಕೈ ಕಟ್ಟಿ ಹಾಕಿದ್ಯಲ್ಲಲೇ, ಭಾಡ್ಯಾ!" ಎಂದು ಬೈದು, ಅವ್ವನನ್ನು ಕೂಗಿ ರೊಟ್ಟಿ ತರಿಸಿಕೊಂಡಳು. ತಡವರಿಸುತ್ತಾ ನಾಯಿಯ ಮೂತಿ ಹುಡುಕಿದಳು.

"ಸಣ್ಣಗ ಮುರುದು ಹಾಕಬೇ," ಎಂದಳು ತಂಗಿ.

"ನೀ ಸುಮ್ನಿರಲೇ ಡಾಕ್ಟರಮ್ಮಾ. ನಾಯಿಗೆ ಹಾಕಾದು ನನಗ ಗೊತ್ತೈತಿ."

ಅವತ್ತು ಭಾನುವಾರವಾಗಿರಲಿಲ್ಲ. ಆ ಮಾತನ್ನು ಯಾರೂ ಎತ್ತಲಿಲ್ಲ.